ನಾನೂರ ತೊಂಬತ್ತಾರು ಎಳೆ

ಕೋರ್ಟಿನ ಹಿಂದಿನ ಬೀದಿಯಲ್ಲಿ ಟೈಪಿಂಗಕ್ಕನ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ಹತ್ತೊಂಬತ್ತನೇ ವಯಸ್ಸಿಗೆ ವಕೀಲರೊಬ್ಬರ ಬಳಿ ಟೈಪ್ ಮಾಡಲು ಸೇರಿದವಳು, ಆಮೇಲೆ ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುವುದನ್ನು ಕಲಿತಳು. ಅದು ಮುಚ್ಚಿದಾಗ ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ಪಡೆದು ಸ್ವಂತ ಅಂಗಡಿ ಇಟ್ಟಳು. ಈಗ ಐವತ್ತೆರಡು. ಬೇರೆಲ್ಲೂ ಜಪ್ಪಯ್ಯ ಅಂದರೂ ತೆರೆಯದ ಫೈಲುಗಳು ಕೊನೆಗೆ ಅವಳ ಮೇಜಿಗೆ ಬರುತ್ತವೆ.

ಒಂದು ಸೋಮವಾರ ನೇಯ್ಗೆ ಕೆಲಸದ ಹೆಂಗಸೊಬ್ಬಳು ಗೀರು ಬಿದ್ದ ಸಿ.ಡಿ.ಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು.

"ನಮ್ಮ ದೊಡ್ಡಕ್ಕ ಬಿಡಿಸಿದ ಹೊದಿಕೆ ಚಿತ್ರ ಇದರಲ್ಲಿದೆ. ಇಪ್ಪತ್ತೆರಡು ವರ್ಷದ ಹಿಂದಿಂದು. ನೇಯೋಕೆ ಮುಂಚೇನೇ ಆ ಕಂಪ್ಯೂಟರ್ ಮಗ್ಗ ಕೆಟ್ಟುಹೋಯ್ತು. ಅದನ್ನ ಮಾಡ್ತಿದ್ದ ಕಂಪನಿನೂ ಈಗಿಲ್ಲ."

"ಅವರೇ ಇನ್ನೊಂದ್ಸಲ ಬಿಡಿಸಬಹುದಲ್ಲ?"

"ಹೋದ ವರ್ಷ ಲಕ್ವ ಹೊಡೀತು ಅಕ್ಕಾ. ಬಲಗೈ ಏಳಲ್ಲ. ದಿನವೆಲ್ಲ ಗೋಡೆ ನೋಡ್ಕೊಂಡು ಕೂತಿರ್ತಾಳೆ."

ಟೈಪಿಂಗಕ್ಕ ಸಿ.ಡಿ.ಯನ್ನು ಒರೆಸಿ ಹಾಕಿದಳು. ಒಳಗೆ ಒಂದೇ ಫೈಲು. ಹೆಸರಿನ ಬಾಲದಲ್ಲಿದ್ದ ಮೂರಕ್ಷರ ಅವಳು ಎಂದೂ ಕಂಡಿರದಂಥದು. ಇದ್ದಬದ್ದ ಪ್ರೋಗ್ರಾಂಗಳಲ್ಲೆಲ್ಲ ತೆರೆದು ನೋಡಿದಳು, ಒಂದೂ ಒಪ್ಪಲಿಲ್ಲ.

"ಆಗಲ್ಲ ಅನ್ನೋಕೆ ಮುಂಚೆ ಎರಡು ದಿನ ಕೊಡು" ಎಂದಳು.

ಮರುದಿನ ಚಿತ್ರದ ಆಸೆ ಬಿಟ್ಟು, ಫೈಲನ್ನು ಬರೀ ಅಂಕಿಗಳಾಗಿ ತೋರಿಸುವ ಪ್ರೋಗ್ರಾಂ ಹಾಕಿ ನೋಡುತ್ತ ಕೂತಳು. ಒಂದು, ಒಂದು, ಒಂದು, ನಾಲ್ಕು, ನಾಲ್ಕು, ಮತ್ತೆ ಒಂದು. ಒಂಬತ್ತಕ್ಕಿಂತ ದೊಡ್ಡ ಅಂಕಿ ಎಲ್ಲೂ ಇರಲಿಲ್ಲ. ಇದು ಬೀಗ ಹಾಕಿದ ಪೆಟ್ಟಿಗೆಯಲ್ಲ, ಒಂದು ಚುಕ್ಕಿಗೆ ಒಂದು ಅಂಕಿಯಂತೆ ಉದ್ದಕ್ಕೆ ಬರೆದಿಟ್ಟ ಪಟ್ಟಿ ಎಂದು ಹೊಳೆಯಿತು. ಒಂದು ಸಾಲಿಗೆ ಎಷ್ಟು ಚುಕ್ಕಿ ಎಂದು ತಿಳಿದರೆ ಸಾಕು, ಸಾಲಿನ ಕೆಳಗೆ ಸಾಲು ಜೋಡಿಸಬಹುದು. ಆರುನೂರು ಎಂದು ಕೊಟ್ಟಳು. ತೆರೆಯ ತುಂಬ ಓರೆಗೆರೆಗಳು. ನಾನೂರು ಎಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಎಲ್ಲ ಇನ್ನೊಂದು ಕಡೆಗೆ ವಾಲಿತು.

ಬುಧವಾರ ಸಿ.ಡಿ. ತಂದಿದ್ದ ತಂಗಿ ಬಂದಾಗ ಅವಳ ತೋಳು ಹಿಡಿದು ದೊಡ್ಡಕ್ಕನೂ ಬಂದಿದ್ದಳು. ಬಿಳಿಕೂದಲು, ಬಿಗಿದ ತುಟಿ. ಕುರ್ಚಿ ಬಿಚ್ಚಿ ಕೊಟ್ಟರೆ ಅಂಚಿನಲ್ಲಷ್ಟೇ ಕೂತಳು.

"ಅಮ್ಮಾ, ಆ ಮಗ್ಗದಲ್ಲಿ ಅಡ್ಡಕ್ಕೆ ಎಷ್ಟು ಎಳೆ ಇತ್ತು, ನೆನಪಿದೆಯಾ?"

"ನೆನಪಿಲ್ಲದೆ ಏನು? ನಾನೂರ ಎಂಬತ್ತು."

ಟೈಪಿಂಗಕ್ಕ ಅಂಕಿ ಒತ್ತಿದಳು. ಗೆರೆಗಳು ನೆಟ್ಟಗಾಗುವ ಹಾಗೆ ಕಂಡರೂ ಆಗಲಿಲ್ಲ. ಚಿತ್ರ ಇನ್ನೂ ಜಾರುತ್ತಲೇ ಇತ್ತು. ತಂಗಿಯ ಮುಖ ಬಾಡಿತು.

ದೊಡ್ಡಕ್ಕ ಕುತ್ತಿಗೆ ಚಾಚಿ ನೋಡಿದಳು. "ಅಂಚು ಸೇರಿಸಿದ್ಯಾ?"

"ಯಾವ ಅಂಚು?"

"ಅಂಚಿಲ್ಲದ ಹೊದಿಕೆ ಯಾರಾದ್ರೂ ನೇಯ್ತಾರೇನೇ? ಆ ಕಡೆ ಎಂಟು, ಈ ಕಡೆ ಎಂಟು."

ನಾನೂರ ತೊಂಬತ್ತಾರು. ಚಿತ್ರ ಗಕ್ಕನೆ ನಿಂತಿತು. ಬೂದು ಬಣ್ಣದಲ್ಲೇ ಆದರೂ ಕೆರೆ ಕಂಡಿತು, ಜೊಂಡು ಕಂಡಿತು, ಜೊಂಡಿನ ನಡುವೆ ಒಂಟಿಕಾಲಲ್ಲಿ ನಿಂತ ಏಳು ಕೊಕ್ಕರೆಗಳು ಕಂಡವು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡಕ್ಕ ಮಾತ್ರ ಅಳಲಿಲ್ಲ.

"ಬಣ್ಣ ಎಲ್ಲಿ?" ಎಂದಳು.

"ಫೈಲಲ್ಲಿ ಬಣ್ಣ ಇಲ್ಲಮ್ಮಾ. ಅಂಕಿ ಅಷ್ಟೇ."

"ಅಂಕಿ ಇದ್ರೆ ಸಾಕು. ನೂಲಿನ ಉಂಡೆಗೆ ಅಂಕಿ ಹಾಕಿದ್ದೇ ನಾನು. ಬರ್ಕೋ. ಒಂದು, ಹಾಲುಬಿಳಿ. ಎರಡು, ಹಣ್ಣೆಲೆ ಹಳದಿ. ಮೂರು, ಇಟ್ಟಿಗೆ ಕೆಂಪು..."

ಒಂಬತ್ತೂ ಹೇಳಿ ಮುಗಿಸುವ ಹೊತ್ತಿಗೆ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದಳು. ಆಮೇಲೆ ತೆರೆಯತ್ತ ಎಡಗೈ ಬೆರಳು ನೀಡಿದಳು. "ಮೂರನೇ ಕೊಕ್ಕರೆ ಕತ್ತು ಗಿಡ್ಡವಾಯ್ತು. ಆವಾಗ್ಲೂ ಅನ್ನಿಸಿತ್ತು, ತಿದ್ದಿರಲಿಲ್ಲ."

"ನೀವೇ ತಿದ್ದಿ" ಎಂದು ಟೈಪಿಂಗಕ್ಕ ಮೌಸನ್ನು ಎಡಗಡೆಗೆ ಸರಿಸಿದಳು.

"ಎಡಗೈಲಾ? ಹುಚ್ಚೇನು?"

"ಒಂದೊಂದೇ ಚುಕ್ಕಿ ಒತ್ತೋದು. ಗೆರೆ ಎಳೆಯೋದೇನಿಲ್ಲ."

ಒಂದು ಕತ್ತು ತಿದ್ದಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ಕೊಕ್ಕರೆಯ ತಲೆಯೇ ಅಳಿಸಿಹೋಗಿ, ಟೈಪಿಂಗಕ್ಕ ಅದನ್ನು ಮರಳಿ ತಂದಳು. ಪ್ರಿಂಟ್ ತೆಗೆಸಿಕೊಳ್ಳಲು ಕಾದಿದ್ದವರು ಬೇಸತ್ತು ಎದ್ದು ಹೋದರು.

ಎರಡು ತಿಂಗಳಿಗೆ ತಂಗಿ ತನ್ನ ಹೊಸ ಮಗ್ಗದಲ್ಲಿ ಆ ಹೊದಿಕೆಯನ್ನು ನೇಯ್ದು ಮುಗಿಸಿದಳು. ಅದೀಗ ದೊಡ್ಡಕ್ಕನ ಕೋಣೆಯಲ್ಲಿ, ಅವಳು ದಿಟ್ಟಿಸುತ್ತಿದ್ದ ಗೋಡೆಯ ಮೇಲೆಯೇ ಇದೆ. ಆದರೆ ಗುರುವಾರ ಮಧ್ಯಾಹ್ನಗಳಲ್ಲಿ ಅವಳು ಆ ಕೋಣೆಯಲ್ಲಿರುವುದಿಲ್ಲ. ಟೈಪಿಂಗಕ್ಕನ ಎರಡನೇ ಕಂಪ್ಯೂಟರಿನ ಮುಂದೆ ಎಡಗೈಯಲ್ಲಿ ಚುಕ್ಕಿ ಒತ್ತುತ್ತ ಕೂತಿರುತ್ತಾಳೆ. ಹೋದ ವಾರ ಒಂದು ಕುದುರೆ ಮುಗಿಯಿತು. ಹಿಂಗಾಲು ತುಸು ಸೊಟ್ಟ.

"ತಿದ್ಲಾ?" ಎಂದು ಟೈಪಿಂಗಕ್ಕ ಕೇಳಿದಳು.

"ಮುಟ್ಟಬೇಡ" ಎಂದಳು ದೊಡ್ಡಕ್ಕ. "ಈಗ ತಾನೇ ಎದ್ದು ನಿಂತಿದೆ."