ಹೈಕೋರ್ಟು ನಿಲ್ಲಿಸಿದ ರೈಲು

ಹನಕೆರೆ ಆಚೆಯ ಪುಟ್ಟ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸಿ ಎಂದಿತು ಸರ್ಕಾರ. ಹೇಳೋಕೆ ನೀವ್ಯಾರು ಎಂದಿತು ರೈಲು ಓಡಿಸುತ್ತಿದ್ದ ಕಂಪನಿ. ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕಾದಾಡಿ ಸರ್ಕಾರ ಗೆದ್ದಿತು. ಸರ್ಕಾರಿ ವಕೀಲರ ಗುಮಾಸ್ತನಾದ ನಾನು ಆ ಗೆಲುವನ್ನು ಕಣ್ಣಾರೆ ನೋಡಲು ಮೊದಲ ದಿನವೇ ಅಲ್ಲಿಗೆ ಹೋಗಿ ಟಿಕೆಟ್ ಕೊಂಡೆ. ರೈಲು ನಿಂತಿತು. ಹತ್ತಿದವನು ನಾನೊಬ್ಬನೇ.

ಮುಂದೆ ಕೆರೆ ಏರಿಯ ತಿರುವಿನಲ್ಲಿ ರೈಲು ನಿಧಾನವಾಯಿತು. ಡ್ರೈವರಿಗೆ ಕಬ್ಬಿನ ಜಲ್ಲೆ ಕೊಟ್ಟು ಊರಿಗೆ ಊರೇ ರೈಲು ಹತ್ತಿತು.

"ಸ್ಟೇಷನ್ನಿಗೇ ಬರಬಾರದೇನಮ್ಮ? ನಿಮಗೋಸ್ಕರ ತಾನೆ ಕೇಸು ನಡೆಸಿದ್ದು?" ಎಂದು ಹತ್ತಿ ಬಂದ ಮೊಸರು ಮಾರುವ ಅಜ್ಜಿಯೊಬ್ಬಳನ್ನು ಕೇಳಿದೆ.

"ಅಲ್ಲಿ ಟಿಕೀಟು ಕೇಳ್ತಾರೆ ಕಣಪ್ಪ. ನೀನು ತಕ್ಕೊಂಡಿದ್ದೀಯಾ?"

ಹೆಮ್ಮೆಯಿಂದ ತೋರಿಸಿದೆ.

"ಅಂಗಾರೆ ಎದ್ದು ಬಾಗ್ಲಲ್ಲಿ ನಿಂತ್ಕೊ. ಟಿಕೀಟು ಕೇಳೋನು ಮೊದ್ಲು ನಿನ್ನೇ ಕೇಳ್ಲಿ, ಅಷ್ಟ್ರಲ್ಲಿ ನಾವು ಆ ಕಡೆಯಿಂದ ಇಳ್ಕೋತೀವಿ."

ಕೇಸು ಗೆದ್ದ ಸರ್ಕಾರದ ಪರವಾಗಿ ಮಂಡ್ಯದವರೆಗೂ ನಾನು ಬಾಗಿಲು ಕಾಯುತ್ತಾ ಹೋದೆ. ನನ್ನ ಸೀಟಿನಲ್ಲಿ ಅಜ್ಜಿಯ ಮೊಸರಿನ ಕುಡಿಕೆ ಕೂತು ಬಂತು.