ಮುತ್ತಿನ ರಾಣಿಯ ಬಾವಿ, ಸುನಂದಾಳ ಸೀಟು

2018ರಲ್ಲಿ ನಾನು ಕಲಬುರಗಿಯ ಒಂದು ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಸಿಮೆಂಟ್ ಕಂಪನಿಗಳು ಬಹುಮಾನವಾಗಿ ವಿದೇಶಕ್ಕೆ ಕಳಿಸುತ್ತವೆ. ಅಂಥ ಗುಂಪಿನ ಜೊತೆ ಹೋಗಿ ಊಟ, ವಸತಿ, ತಿರುಗಾಟ ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಡೀಲರುಗಳಿಗೆ ಬೀಜಿಂಗ್ ಸಿಕ್ಕಿತ್ತು, ಒಬ್ಬೊಬ್ಬರಿಗೆ ಎರಡು ಸೀಟು.

ಸೇಡಂನ ಶಿವರಾಜ ತನ್ನ ಜೊತೆಗೆ ಹೆಂಡತಿ ಸುನಂದಾಳ ಹೆಸರು ಕೊಟ್ಟಿದ್ದ. ವೀಸಾ ಕಾಗದ ಕಳಿಸುವ ಮುನ್ನಾದಿನ ಅವನ ತಾಯಿ ಗಂಗಮ್ಮನ ಫೋನು ಬಂತು. "ಸಾಹೇಬ್ರ, ಸುನಂದಾನ ಹೆಸರು ತಗೀರಿ, ನಂದು ಹಾಕ್ರಿ. ಪಾಸ್‌ಪೋರ್ಟ್ ಮೊದಲೇ ಮಾಡ್ಸೀನಿ. ಆಕೀ ಇನ್ನಾ ಸಣ್ಣಾಕಿ, ಮುಂದ ಹೋಗ್ತಾಳ."

"ಆಕೀ ಒಪ್ಯಾಳೇನ್ ಕಾಕಿ?"

"ಆಕೀನ್ನೇನ್ ಕೇಳೂದು, ನಾನೇ ಹೇಳಾಕತ್ತೀನಲ್ಲ!"

ಶಿವರಾಜನನ್ನು ಕೇಳಿದರೆ, "ಅವ್ವ ಹೇಳಿದಂಗ ಮಾಡ್ರಿ" ಎಂದ. ನಮ್ಮ ಧಂದೆಯಲ್ಲಿ ಇದಕ್ಕೆ 'ನೇಮ್ ಚೇಂಜ್' ಅನ್ನುತ್ತಾರೆ. ಒಂದು ಹೆಸರು ಅಳಿಸಿ ಇನ್ನೊಂದು ಬರೆದು ಚಹಾ ಕುಡಿಯಲು ಹೋದೆ.

ಹೊರಡುವ ದಿನ ವಿಷಯ ತಿಳಿಯಿತು. ಸುನಂದಾ ಬಟ್ಟೆಬರೆ ಕಟ್ಟಿಕೊಂಡು ಕುರಕುಂಟಾದ ತವರಿಗೆ ಹೋಗಿದ್ದಳು, ಹೊಳ್ಳಿ ಬರಂಗಿಲ್ಲ ಎಂದು ಹೇಳಿಯೇ ಹೋಗಿದ್ದಳು. "ನಾಕ್ ದಿನಕ್ಕ ಸಿಟ್ಟು ಇಳೀತದ ಬಿಡ್ರಿ" ಎಂದ ಗಂಗಮ್ಮ ಕಿಟಕಿ ಪಕ್ಕದ ಸೀಟು ಕೇಳಿದರು.

ಬೀಜಿಂಗಿನ ಅರಮನೆ ನಡೆದಷ್ಟೂ ಮುಗಿಯುವುದಿಲ್ಲ. ಸಿಂಹಾಸನದ ಮಹಲುಗಳನ್ನೆಲ್ಲ ನೋಡಿ ಕಾಲು ಸೋತು ಹಿಂದಿನ ಅಂಗಳಕ್ಕೆ ಬಂದೆವು. ಅಲ್ಲೊಂದು ಬಾವಿ, ಬಾಯಿ ಬಹಳ ಚಿಕ್ಕದು. ಅಲ್ಲಿಯ ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಮಸಾಲೆ ಹಚ್ಚುವುದರಲ್ಲಿ ನನಗೆ ಹೆಸರಿತ್ತು. ದೊರೆಗೆ ಒಬ್ಬ ಮುದ್ದಿನ ಕಿರಿಯ ರಾಣಿ, ಅವಳ ಹೆಸರಿನ ಅರ್ಥ ಮುತ್ತು. ಆದರೆ ರಾಜ್ಯ ನಡೆಸುತ್ತಿದ್ದವಳು ದೊರೆಯನ್ನು ಮಗನಾಗಿ ತಂದುಕೊಂಡಿದ್ದ ರಾಜಮಾತೆ, ಅಂದರೆ ಈ ರಾಣಿಯ ಅತ್ತೆ. 1900ರಲ್ಲಿ ಪರದೇಶಗಳ ಸೈನ್ಯ ಊರೊಳಗೆ ನುಗ್ಗಿದಾಗ, ರಾಜಮಾತೆ ತಾನು ಓಡಿಹೋಗುವ ಮೊದಲು ಸೊಸೆಯನ್ನು ಈ ಬಾವಿಗೆ ತಳ್ಳಿಸಿದಳಂತೆ. "ಅತ್ತಿ ಅಂದ್ರ ಹಿಂಗಿರಬೇಕು ನೋಡ್ರಿ!" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಂಗಮ್ಮ ನಗಲಿಲ್ಲ. "ಆವಾಗ ದೊರಿ ಏನ್ ಮಾಡಾಕತ್ತಿದ್ದ?"

"ಏನೂ ಇಲ್ಲ ಕಾಕಿ. ಅವನ ಮಾತು ನಡೀತಿದ್ದಿಲ್ಲ."

ಶಿವರಾಜ ಮುಖ ಆ ಕಡೆ ತಿರುಗಿಸಿದ.

"ಆಮ್ಯಾಲ?"

"ಮರುವರ್ಷ ಹೆಣ ತಗಿಸಿ, ರಾಜಮಾತೆನೇ ಆಕೀಗಿ ದೊಡ್ಡ ಪದವಿ ಕೊಟ್ಲಂತ."

"ಸತ್ತಾಕೀಗಿ ಪದವಿ ಯಾಕ್ರಿ?" ಎಂದ ಗಂಗಮ್ಮ ಚೀಲಕ್ಕೆ ಕೈ ಹಾಕಿದರು. ಕುಪ್ಪಸದ ಖಣ, ಅಕ್ಕಿ, ಅರಿಶಿಣ, ಕುಂಕುಮ ಹೊರಬಂದವು. ಮುತ್ತೈದೆಗೆ ಉಡಿ ತುಂಬುವ ಸಾಮಾನು. ದಾರಿಯಲ್ಲಿ ಯಾವ ದೇವಿಗೆ ಬೇಕಾದೀತೋ ಎಂದು ನಮ್ಮ ಕಡೆಯ ಹೆಂಗಸರು ಜೊತೆಗೇ ಇಟ್ಟುಕೊಂಡಿರುತ್ತಾರೆ. ಬಾವಿಯ ಮೇಲೆ ಖಣ ಹಾಸಲು ಹೋದಾಗ ಕಾವಲುಗಾರ ಕೂಗಿದ. ನಾನು ಅವರ ಕೈ ಹಿಡಿದೆ. "ಬ್ಯಾಡ್ರಿ ಕಾಕಿ, ಹಿಡಕೊಂಡು ಹೋಗ್ತಾರ!"

"ಹೌದ್ರಿ, ಈಕೀಗಿ ಬ್ಯಾಡ. ನನ್ನ ಸೊಸಿ ಇನ್ನಾ ಜೀವಂತ ಅದಾಳ." ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತು ಅಳತೊಡಗಿದರು. "ಚೀನಾದಾಗ ಭಾಳ ಥಂಡಿ ಅಂತ ಸುನಂದಾ ತನಗಂತ ಸ್ವೆಟರ್ ತಂದಿಟ್ಟಿದ್ಲು. ಅದನ್ನೇ ಹಾಕ್ಕೊಂಡೀನಿ ನೋಡ್ರಿ, ನಾಚಿಕಿ ಬಿಟ್ಟು." ನಗಿಸಿದ ನನ್ನ ಬಾಯಿಗೆ ಮಣ್ಣು ಬೀಳಲಿ ಅನ್ನಿಸಿತು.

ಹೈದರಾಬಾದಿನಲ್ಲಿ ಇಳಿದದ್ದೇ ತಡ, "ಹೆಸರು ತಗದವ್ರು ನೀವು. ನೀವೂ ಬರ್ರಿ" ಎಂದು ಗಂಗಮ್ಮ ಮಗನ ಜೊತೆ ನನ್ನನ್ನೂ ಕುರಕುಂಟಾಕ್ಕೆ ಎಳೆದುಕೊಂಡು ಹೋದರು.

ಸುನಂದಾ ನಮಗೆ ನೀರು ಕೊಟ್ಟಳು, ಕುಂದ್ರಿ ಎಂದಳು. ಗಂಗಮ್ಮ ಉಡಿ ತುಂಬಿದರು. ಉಡಿ ಬೇಡ ಅನ್ನುವ ರೂಢಿ ನಮ್ಮಲ್ಲಿಲ್ಲ, ಸೆರಗು ಒಡ್ಡಿ ತುಂಬಿಸಿಕೊಂಡಳು.

"ನಂದು ತಪ್ಪಾತವ್ವ. ಮನಿಗಿ ಬಾ."

"ನೀವು ಕೇಳಿದ್ರ ನಾನೇ ಬಿಟ್ಟುಕೊಡ್ತಿದ್ದೆ ಅತ್ತಿ. ನನಗ ಯಾರೂ ಒಂದ್ ಮಾತು ಕೇಳ್ಲಿಲ್ಲ." ಗಂಡನ ಕಡೆ ತಿರುಗಿದಳು. "ನೀವು ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ನೋಡಿ, "ನೀವೂ ಕೇಳ್ಲಿಲ್ಲ ಸಾಹೇಬ್ರ. ನನ್ನ ನಂಬರ್ ನಿಮ್ಮ ಹತ್ರ ಇತ್ತಲ್ರಿ?" ಎಂದಳು.

ಇತ್ತು. ಅರ್ಜಿಯಲ್ಲಿ ಅವಳೇ ಬರೆದುಕೊಟ್ಟಿದ್ದಳು. ನೀರಿನ ಲೋಟ ಕೆಳಗಿಟ್ಟೆ.

ಆ ದಿನ ಅವಳು ನಮ್ಮ ಜೊತೆ ಬರಲಿಲ್ಲ. ಶಿವರಾಜ ಮತ್ತೆ ಮತ್ತೆ ಹೋಗಿ ಕರೆದನಂತೆ, ಆಗಲೂ ಬರಲಿಲ್ಲ.

ಗಿರಾಕಿ ಅಂದರೆ ದುಡ್ಡು ಕಟ್ಟಿದವರಲ್ಲ, ಹೋಗಬೇಕೆಂದು ಆಸೆ ಇಟ್ಟುಕೊಂಡವರು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಆಮೇಲೆ ಯಾರ ಹೆಸರನ್ನು ತೆಗೆಯಬೇಕಾದರೂ ಅವರಿಗೇ ಫೋನ್ ಮಾಡಿ ಕೇಳುತ್ತಿದ್ದೆ. ಕೆಲವರು ಅತ್ತರು, ಕೆಲವರು ಬೈದರು, ಎಲ್ಲವನ್ನೂ ಕೇಳಿಸಿಕೊಂಡೆ. ಸುನಂದಾಳಿಗೆ ಫೋನ್ ಮಾಡುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.