ಪಕ್ಕದ ತೋಟದವರನ್ನು ಕೇಳಿ ಡ್ರೋನ್ ಹಾರಿಸಿದವರು

ವಿಶ್ವವಿದ್ಯಾಲಯದ ಖರೀದಿ ವಿಭಾಗದ ಮೇಡಂ ಅವರ ಎಡಗೈ ಬಳೆಯಲ್ಲಿ ಸದಾ ಐದಾರು ಸೇಫ್ಟಿ ಪಿನ್ನುಗಳು ಜೋತಾಡುತ್ತಿದ್ದವು. ಕೊಟೇಶನ್ ಓದುವಾಗ ಕೈ ಅಲುಗಿದರೆ ಸಣ್ಣಗೆ ಸದ್ದು. ಆ ಸದ್ದು ನಿಂತಿತೆಂದರೆ ನಮ್ಮ ಕಾಗದದಲ್ಲಿ ಎಲ್ಲೋ ತೂತು ಸಿಕ್ಕಿದೆ ಎಂದೇ ಅರ್ಥ.

ಕೊಳ್ಳೇಗಾಲದಲ್ಲಿ ಸ್ಪ್ರೇಯರ್ ರಿಪೇರಿಯಿಂದ ಶುರುಮಾಡಿ, ಔಷಧಿ ಹೊಡೆಯುವ ಡ್ರೋನ್ ಮಾರುವವರೆಗೆ ಬಂದವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಯಳಂದೂರು ಕಡೆಯ ಈ ಮೇಡಂ ಮಾತ್ರ ಚೌಕಾಸಿಯನ್ನೇ ಮಾಡುತ್ತಿರಲಿಲ್ಲ. "ರೇಟ್ ಇಳಿಸಿ ಅಂದ್ರೆ ನೀವು ಮಾಲ್ ಇಳಿಸ್ತೀರಿ. ಕೆಟ್ಟೋದ್ರೆ ಯಾರ್ ಬತ್ತೀರಿ, ಎಷ್ಟೊತ್ಗೆ ಬತ್ತೀರಿ, ಅದ ಬರ್ಕೊಡಿ" ಎನ್ನುತ್ತಿದ್ದರು. ಡ್ರೋನ್ ಕೊಳ್ಳುವವರಿಗೆ ನಾನು ಇವತ್ತಿಗೂ ಹೇಳುವ ಬುದ್ಧಿ ಇದೇ: ಬ್ಯಾಟರಿ, ರಿಪೇರಿ ಮೊದಲು ಕೇಳಿ; ಬೆಲೆ ಆಮೇಲೆ.

ಅವರ ಸರ್ಕಾರಿ ವಿಶ್ವವಿದ್ಯಾಲಯ ಮೊದಲ ಸಲ ಡ್ರೋನ್ ಕೊಳ್ಳಲು ಹೊರಟಾಗ ನಿಯಮ ಬರೆಯುವ ಕೆಲಸ ಮೇಡಂ ಪಾಲಿಗೆ ಬಂತು. ನೋಂದಣಿ ಸಂಖ್ಯೆ, ಪೈಲಟ್ ಪ್ರಮಾಣಪತ್ರ, ವಿಮೆ, ಕಾಡಂಚಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ. ಎಲ್ಲವನ್ನೂ ಒದಗಿಸಿದೆ. ಉಳಿದದ್ದು ಹೊಲದಲ್ಲಿ ಹಾರಿಸಿ ತೋರಿಸುವುದು. ಖರೀದಿ ಸಮಿತಿ ಒಪ್ಪಿದರೆ ಆರ್ಡರ್ ನನ್ನದು; ತಪ್ಪಿದರೆ ಮೈಸೂರಿನ ಇನ್ನೊಬ್ಬ ವ್ಯಾಪಾರಿ ಕಾದು ಕೂತಿದ್ದ.

ಕೊಳ್ಳೇಗಾಲದ ಹತ್ತಿರವೇ ಒಂದು ಮುಸುಕಿನ ಜೋಳದ ಹೊಲ. ಎಲೆಯ ಮೇಲೆ ಹನಿ ಹೇಗೆ ಕೂರುತ್ತದೆಂದು ಸಮಿತಿಯ ಪ್ರೊಫೆಸರ್ ನೋಡಬೇಕಿತ್ತು, ಅದಕ್ಕೇ ಟ್ಯಾಂಕಿಗೆ ಹುಳು ಸಾಯಿಸುವ ಔಷಧಿಯನ್ನೇ ಹಾಕಿದ್ದೆವು. ಡ್ರೋನ್ ಏಳುವ ಮೊದಲು ಮೇಡಂ ಬದು ದಾಟಿ, ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದ ಹೆಂಗಸನ್ನು ಮಾತಾಡಿಸಿದರು. ಎಲ್ಲಿಗೆ ಹೋದರೂ ಪಕ್ಕದ ಹೊಲದವರನ್ನು ಮಾತಾಡಿಸದಿದ್ದರೆ ಅವರಿಗೆ ಆಗದು.

"ನಾಕ್ನೇ ಜ್ವರ ಎದ್ದವೆ ಕಣವ್ವಾ. ಈ ಸೊಪ್ಪೇ ಆಕ್ಬೇಕು, ಬ್ಯಾರೆ ತೋಟ ಇಲ್ಲ" ಎಂದಳು ಆಕೆ.

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ದಾಟಿದ ಹುಳು ಹಗಲೂ ರಾತ್ರಿ ತಿಂದು ಗೂಡು ಕಟ್ಟುತ್ತದೆ. ಆಗ ಔಷಧಿ ತಾಗಿದ ಸೊಪ್ಪು ಬಿದ್ದರೆ ಇಡೀ ಬೆಳೆ ಹೋಯಿತು.

ಮೇಡಂ ಸೆರಗಿನ ತುದಿ ಎತ್ತಿ ಹಿಡಿದರು. ಅದು ತೋಟದ ಕಡೆಗೇ ಹಾರಿತು.

ಎಲ್ಲ ಅನುಮತಿಯೂ ಇದೆಯಲ್ಲ, ಇನ್ನೇನು ಎಂದು ಪ್ರೊಫೆಸರ್ ಸಿಡುಕಿದರು. "ಪೇಪರ್ ಸರಿ ಅವೆ ಸಾ. ಗಾಳಿ ಸರಿ ಇಲ್ಲ" ಎಂದರು ಮೇಡಂ.

ಕೆಳಕ್ಕೆ ಹಾರಿಸುತ್ತೇನೆ, ತೋಟದ ಕಡೆಯ ಸಾಲು ಬಿಡುತ್ತೇನೆ ಎಂದು ನಾನು ಚೌಕಾಸಿಗೆ ಇಳಿದೆ. ಅವರು ನನ್ನತ್ತ ತಿರುಗಿ ಮೆಲ್ಲಗೆ, "ಅಣ್ಣಾ, ಆಯಮ್ಮನ ಹುಳ ಸತ್ರೆ ಈ ಸೀಮೇಲಿ ನಿಮ್ ಡ್ರೋನ್‌ಗೆ ಯಾರಾರ ಹೊಲ ತೋರುಸ್ತಾರಾ?" ಎಂದರು. ನಾನು ಡ್ರೋನಿನ ಬ್ಯಾಟರಿ ಬಿಚ್ಚಿದೆ.

ಅಂದಿನ ಹಾರಾಟ ನಿಂತಿತು. ಕೊಳ್ಳೇಗಾಲದವನು ಪರೀಕ್ಷೆಯಲ್ಲಿ ಸೋತ, ಆರ್ಡರ್ ತನಗೇ ಕೊಡಿ ಎಂದು ಮೈಸೂರಿನವನು ತಕರಾರು ಹಾಕಿದ. ಯಾರೂ ಸೋತಿಲ್ಲ, ಹಾರಾಟ ನಿಲ್ಲಿಸಿದ್ದು ತಾನೇ ಎಂದು ಮೇಡಂ ಸಮಿತಿಯ ಮುಂದೆ ಹೇಳಿ ಹೊಣೆಯನ್ನು ಮೈಮೇಲೆ ಹಾಕಿಕೊಂಡರು. ಆಕೆಯ ಹುಳು ಗೂಡು ಕಟ್ಟಿ ಮುಗಿದ ಮೇಲೆ ಅದೇ ಹೊಲದಲ್ಲಿ ಹಾರಿಸಿದೆ, ಆರ್ಡರ್ ಪಡೆದೆ.

ಆಮೇಲೆ ಅವರು ನಿಯಮಕ್ಕೆ ಒಂದು ಸಾಲು ಸೇರಿಸಿದರು: ಔಷಧಿ ಹೊಡೆಯುವ ಮೊದಲು ಅಕ್ಕಪಕ್ಕದ ತೋಟದವರನ್ನು ಕೇಳಿ ಒಪ್ಪಿಗೆ ಪಡೆಯತಕ್ಕದ್ದು. ಇದೊಂದು ಹೊಸ ತಲೆನೋವು ಎಂದು ಅಂಗಡಿಯಲ್ಲಿ ಕೂತು ಗೊಣಗಿದ್ದೆ. ಆದರೆ ಸೊಪ್ಪು ಕುಯ್ಯುತ್ತಿದ್ದ ಆ ಹೆಂಗಸು ಹನೂರು ಕಡೆಯ ರಾಮಾಪುರದ ತನ್ನ ನೆಂಟರಿಗೆಲ್ಲ, ಅವರು ಕೇಳ್ಕಂಡು ಹಾರಿಸೋರು ಎಂದು ಹೇಳಿಬಿಟ್ಟಿದ್ದಳು. ಆ ಕಡೆ ನನಗೆ ವ್ಯಾಪಾರದ ದಾರಿಯಾದದ್ದು ಆ ಒಂದು ಮಾತಿನಿಂದ.

ಹೋದ ವರ್ಷ ಮೇಡಂ ತೀರಿಕೊಂಡರು. ಅವರ ಕುರ್ಚಿಗೆ ಬಂದವರು ನಿಯಮಗಳನ್ನು ಚಿಕ್ಕದು ಮಾಡುತ್ತಿದ್ದರು. ಪಕ್ಕದವರನ್ನು ಕೇಳುವ ಸಾಲು ಬೇರೆಲ್ಲೂ ಇಲ್ಲ, ತೆಗೆದರೆ ನಿಮಗೂ ಸಲೀಸು ಎಂದರು. ಷರತ್ತು ಕಡಿಮೆ ಮಾಡಿಸುವುದೇ ನನ್ನ ಕಸುಬು. ಅವತ್ತು ಮಾತ್ರ ಆ ಷರತ್ತು ಇರಲಿ ಎಂದು ಕೂತೆ, ಎದ್ದು ಬರಲಿಲ್ಲ. ಅವರು ಬೇಡವೆಂದಷ್ಟೂ ಪಟ್ಟು ಹಿಡಿದೆ. ಕೊನೆಗೆ ಅದಕ್ಕೆ ಬದಲಾಗಿ ಇನ್ನೊಂದು ವರ್ಷದ ರಿಪೇರಿ ಪುಕ್ಕಟೆ ಎಂದು ಬರೆದುಕೊಟ್ಟೆ.

ಸಾಲು ಉಳಿಯಿತು.